ಹುಬ್ಬಳ್ಳಿಯಲ್ಲಿ ಕಂಪನಿ ಮಾಡಿಸಿದ ಅನುಭವ: ಆನ್‌ಲೈನ್ ಪ್ಯಾಕೇಜ್‌ಗೆ ಒಂದು ಸ್ಟಾರ್, ಕಂಪನಿ ಸೆಕ್ರೆಟರಿ (ಸಿಎಸ್) ಆಫೀಸಿಗೆ ನಾಲ್ಕು

ನಾನು ಮತ್ತು ನಮ್ಮ ವೈನಿ (ಅತ್ತಿಗೆ) ಸೇರಿ ಹುಬ್ಬಳ್ಳಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತೇವೆ. ಐದು ವರ್ಷ ಎಲ್ಲವೂ ವೈನಿಯವರ ಹೆಸರಲ್ಲೇ ಇತ್ತು. ಜಿಎಸ್‌ಟಿ, ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ), ಬ್ಯಾಂಕ್ ಖಾತೆ, ಎಲ್ಲ. 2024ರಲ್ಲಿ ವರ್ಷದ ವ್ಯಾಪಾರ 40 ಲಕ್ಷ ದಾಟಿತು. ಅದೇ ಹೊತ್ತಿಗೆ ಪುಣೆಯಲ್ಲಿರುವ ನಮ್ಮ ಕಾಕಾನ ಮಗ ರೊಟ್ಟಿ ಮಷಿನ್‌ಗೆ ದುಡ್ಡು ಹಾಕುತ್ತೇನೆ ಅಂದ. ಆದರೆ ಸಾಲ ಅಂತ ಅಲ್ಲ, ಪಾಲು ಬೇಕು ಅಂದ. ಒಬ್ಬರ ಹೆಸರಿನ ಅಂಗಡಿಯಲ್ಲಿ ಪಾಲು ಕೊಡುವುದು ಹೇಗೆ? ಹಾಗಾಗಿ ಕಂಪನಿ ಮಾಡಲು ಹೊರಟೆವು. ಎರಡು ಕಡೆ ದುಡ್ಡು ಕೊಟ್ಟೆವು. ನಮ್ಮ ಹಾಗೆ ಸಣ್ಣ ವ್ಯಾಪಾರ ಮಾಡುವವರಿಗೆ, ಅದರಲ್ಲೂ ಮನೆಯಿಂದ ಶುರು ಮಾಡಿದ ಹೆಣ್ಣುಮಕ್ಕಳಿಗೆ, ಇದು ಗೊತ್ತಿರಬೇಕು ಅಂತ ಬರೆಯುತ್ತಿದ್ದೇನೆ.

ಮೊದಲು ಹೋಗಿದ್ದು ಆನ್‌ಲೈನ್ ಸರ್ವಿಸ್‌ಗೆ. ಮೊಬೈಲ್‌ನಲ್ಲಿ ಜಾಹೀರಾತು ಬಂತು, 999 ರೂಪಾಯಿಗೆ ಕಂಪನಿ ಅಂತ. ನಂಬರ್ ಹಾಕಿದ ಹತ್ತೇ ನಿಮಿಷಕ್ಕೆ ಫೋನ್. ಮಾತಾಡುತ್ತಾ ಹೋದ ಹಾಗೆ 999ರ ಪಕ್ಕ ಡಿಜಿಟಲ್ ಸಹಿಯ ದುಡ್ಡು, ಸರ್ಕಾರಿ ಶುಲ್ಕ, ಸ್ಟಾಂಪ್ ಡ್ಯೂಟಿ, "ಎಕ್ಸ್‌ಪರ್ಟ್ ಸಪೋರ್ಟ್" ಎಲ್ಲ ಸೇರಿದವು, ಕೊನೆಗೆ 7,500 ಅಡ್ವಾನ್ಸ್ ಕಟ್ಟಿದೆವು. ದುಡ್ಡಿನ ಬಗ್ಗೆ ನನಗೆ ಅಷ್ಟು ಬೇಸರ ಇಲ್ಲ. ಬೇಸರ ಏನು ಅಂದರೆ ಪ್ರತಿ ಸಲ ಬೇರೆ ಬೇರೆಯವರು ಫೋನ್ ಮಾಡುತ್ತಿದ್ದರು, ಪ್ರತಿ ಸಲ ನಾನು ಮೊದಲಿನಿಂದ ಹೇಳಬೇಕಿತ್ತು, ಮತ್ತು ನೀವು ಏನು ವ್ಯಾಪಾರ ಮಾಡುತ್ತೀರಿ ಅಂತ ಒಬ್ಬರೂ ಸರಿಯಾಗಿ ಕೇಳಲಿಲ್ಲ. ಡಿಸೆಂಬರ್ 31ರೊಳಗೆ ಮುಗಿಸಿದರೆ ರಿಯಾಯಿತಿ ಇದೆ ಅಂತ ಮಾತ್ರ ದಿನಾ ಹೇಳುತ್ತಿದ್ದರು.

ಎಂಟು ದಿನ ಬಿಟ್ಟು ಮೆಮೊರಾಂಡಂನ ಕರಡು ಕಳಿಸಿದರು. ಕಂಪನಿ ಯಾವ ಕೆಲಸಕ್ಕೆ ಅಂತ ಬರೆಯುವ ಕಾಗದ ಅದು. ವೈನಿ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದರು. ಎರಡನೇ ಪುಟದಲ್ಲಿ ನಿಂತರು. "ಇಲ್ನೋಡು, ಇದರಾಗ ರೆಡಿಮೇಡ್ ಬಟ್ಟಿ ವ್ಯಾಪಾರ ಅಂತ ಐತಿ. ರೊಟ್ಟಿ ಎಲ್ಲೈತಿ?" ಯಾರದೋ ಬಟ್ಟೆ ಕಂಪನಿಯ ಕಾಗದ ಕಾಪಿ ಮಾಡಿ ನಮ್ಮ ಹೆಸರು ಸೇರಿಸಿದ್ದರು. ಓದದೆ ಸಹಿ ಹಾಕಿದ್ದರೆ ಏನಾಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಬ್ಯಾಂಕಿನವರು ಖಾತೆ ತೆರೆಯುವಾಗ ಇದನ್ನೇ ನೋಡುತ್ತಾರೆ. ಮುಂದೆ ಬದಲಾಯಿಸಬೇಕು ಅಂದರೆ ಷೇರುದಾರರ ವಿಶೇಷ ನಿರ್ಣಯ, ಮತ್ತೆ ಫಾರ್ಮ್, ಮತ್ತೆ ಫೀಸು. ಅವತ್ತೇ ಬೇಡ ಅಂದೆವು. ಜಗಳ ಆಡಿ ಅರ್ಧ ದುಡ್ಡು ವಾಪಸ್ ತೆಗೆದುಕೊಂಡೆವು. ಒಂದು ಸ್ಟಾರ್ ಕೊಡುತ್ತಿರುವುದು ಆ ಅರ್ಧ ದುಡ್ಡಿಗೆ.

ನಮಗೆ ಜೋಳದ ಹಿಟ್ಟಿನ ಗಿರಣಿಯವರು ಹೇಳಿದ್ದು ಕೊಪ್ಪೀಕರ್ ರಸ್ತೆ ಕಡೆಯ ಒಬ್ಬರು ಕಂಪನಿ ಸೆಕ್ರೆಟರಿಯ, ಅಂದರೆ ಕಂಪನಿಗಳ ನೋಂದಣಿ, ಕಾನೂನಿನ ಕಾಗದ ನೋಡಿಕೊಳ್ಳುವವರ ಆಫೀಸು. ಹೆಸರು ಹಾಕಬೇಡಿ ಅಂತ ಮೇಡಂ ಹೇಳಿದ್ದಾರೆ, ಅವರ ಕೆಲಸಕ್ಕೆ ಜಾಹೀರಾತು ಮಾಡುವ ಹಾಗಿಲ್ಲವಂತೆ. ಕಿರಿದಾದ ಮೆಟ್ಟಿಲು, ಮೇಲೆ ಎರಡು ಕೋಣೆ, ಗೋಡೆ ತುಂಬ ಫೈಲು. ಕೂತ ಕೂಡಲೇ ಮೇಡಂ ಕೇಳಿದ್ದು ಇದು: "ಕಂಪನಿ ಯಾಕ ಬೇಕ್ರಿ ನಿಮಗ? ಮೊದಲ ಅದನ್ನ ಹೇಳ್ರಿ."

ಒಂದು ತಾಸು ಕೂರಿಸಿಕೊಂಡು ಮಾತಾಡಿದರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ತೋರಿಸಿದರು. ಎಲ್‌ಎಲ್‌ಪಿಗೆ (ಸೀಮಿತ ಹೊಣೆಯ ಪಾಲುದಾರಿಕೆ) ಇಬ್ಬರು ಪಾಲುದಾರರು ಸಾಕು, ಲೆಕ್ಕಪತ್ರದ ಗಲಾಟೆ ಕಡಿಮೆ, ವ್ಯಾಪಾರ 40 ಲಕ್ಷದೊಳಗೆ ಮತ್ತು ಹಾಕಿದ ಬಂಡವಾಳ 25 ಲಕ್ಷದೊಳಗೆ ಇದ್ದರೆ ಆ ಕಾನೂನಿನಲ್ಲಿ ಆಡಿಟ್ ಬೇಕಿಲ್ಲ. ಪ್ರೈವೇಟ್ ಲಿಮಿಟೆಡ್ ಆದರೆ ಕನಿಷ್ಠ ಇಬ್ಬರು ಷೇರುದಾರರು, ಇಬ್ಬರು ಡೈರೆಕ್ಟರ್‌ಗಳು, ಅದೇ ಇಬ್ಬರು ಎರಡೂ ಆಗಬಹುದು. ಆದರೆ ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ಮೊದಲ ವರ್ಷದಿಂದಲೇ ಆಡಿಟ್. ಕನಿಷ್ಠ ಒಂದು ಲಕ್ಷ ಬಂಡವಾಳ ಬೇಕು ಅಂತ ನಾವು ಕೇಳಿದ್ದೆವು. ಆ ನಿಯಮ 2015ರಲ್ಲೇ ಹೋಗಿದೆಯಂತೆ. ಒಬ್ಬರೇ ಇದ್ದರೆ ಒಪಿಸಿ (ಒಬ್ಬರದೇ ಕಂಪನಿ) ಅಂತ ಇದೆ, ನಮಗೆ ಅದು ಹೊಂದುವುದಿಲ್ಲ ಅಂತ ಅದನ್ನು ಅಲ್ಲಿಗೇ ಬಿಟ್ಟರು. ನಮ್ಮ ವ್ಯಾಪಾರ ಹೇಗೂ 40 ಲಕ್ಷ ದಾಟಿದೆ, ಎಲ್‌ಎಲ್‌ಪಿ ಮಾಡಿದರೂ ಆಡಿಟ್ ತಪ್ಪುವುದಿಲ್ಲ. ಪುಣೆಯ ತಮ್ಮನಿಗೆ (ಕಾಕಾನ ಮಗ) ಷೇರು ಕೊಡಬೇಕು, ನಾಳೆ ಇನ್ನೊಬ್ಬರು ಬರಬಹುದು. ಹಾಗಾಗಿ ಪ್ರೈವೇಟ್ ಲಿಮಿಟೆಡ್ ಅಂತ ತೀರ್ಮಾನ ಆಯಿತು.

ಆಮೇಲೆ ಅವರು ಹೇಳಿದ ಮಾತು ಬೇರೆ ಯಾರೂ ನಮಗೆ ಹೇಳಿರಲಿಲ್ಲ. "ಲಿಮಿಟೆಡ್ ಅಂದ ಕೂಡ್ಲೆ ಮನಿಗೆ ಏನೂ ಬರಂಗಿಲ್ಲ ಅಂತ ತಿಳ್ಕೋಬ್ಯಾಡ್ರಿ. ಬ್ಯಾಂಕಿನವ್ರು ಸಾಲ ಕೊಡೋ ಮುಂದ ಡೈರೆಕ್ಟರ್ ಇಬ್ರದೂ ಪರ್ಸನಲ್ ಗ್ಯಾರಂಟಿ ಬರಸ್ಕೋತಾರ." ಮಾಲು ಕೊಟ್ಟವರ ಬಾಕಿ, ಗಿರಾಕಿ ಹಾಕಿದ ಕೇಸು, ಇಂಥದ್ದೆಲ್ಲ ಸಾಮಾನ್ಯವಾಗಿ ಕಂಪನಿಯ ಆಸ್ತಿಗೇ ನಿಲ್ಲುತ್ತದೆ. ಗ್ಯಾರಂಟಿಗೆ ಸಹಿ ಹಾಕಿದ ಸಾಲ ಮಾತ್ರ ಮನೆ ಬಾಗಿಲಿಗೆ ಬರುತ್ತದೆ. ಆರು ತಿಂಗಳ ನಂತರ ಮಷಿನ್ ಸಾಲಕ್ಕೆ ಹೋದಾಗ ಬ್ಯಾಂಕಿನಲ್ಲಿ ಆ ಕಾಗದ ಮುಂದಿಟ್ಟರು. ಮೊದಲೇ ಗೊತ್ತಿದ್ದ ಕಾರಣ ನಾವು ಹೆದರಲಿಲ್ಲ, ಸಾಲದ ಮೊತ್ತವನ್ನೇ ಕಡಿಮೆ ಮಾಡಿಕೊಂಡೆವು.

ಇನ್ನೊಂದು ವಿಷಯಕ್ಕೆ ನಾನು ಮೇಡಂಗೆ ಯಾವಾಗಲೂ ಋಣಿ. ನಾವು ಹೋದದ್ದು ಡಿಸೆಂಬರ್ ಮೊದಲ ವಾರ. "ಅವಸರ ಮಾಡಬ್ಯಾಡ್ರಿ, ಜನವರಿ ಒಂದು ದಾಟಲಿ" ಅಂದರು. ಡಿಸೆಂಬರ್‌ನಲ್ಲಿ ಕಂಪನಿ ಹುಟ್ಟಿದರೆ ಮೊದಲ ಲೆಕ್ಕದ ವರ್ಷ ಬರುವ ಮಾರ್ಚ್ 31ಕ್ಕೇ ಮುಗಿಯುತ್ತದೆ. ಮೂರು ತಿಂಗಳ ಲೆಕ್ಕಕ್ಕೆ ಪೂರ್ತಿ ಆಡಿಟ್, ಪೂರ್ತಿ ಫೈಲಿಂಗ್. ಜನವರಿ 1ರಿಂದ ಆಚೆ ಹುಟ್ಟಿದರೆ ಕಂಪನಿ ಕಾನೂನಿನ ಪ್ರಕಾರ ಮೊದಲ ವರ್ಷ ಅದರ ಮುಂದಿನ ಮಾರ್ಚ್‌ವರೆಗೆ ಹೋಗುತ್ತದೆ. ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಮಾತ್ರ ಆ ಮೂರು ತಿಂಗಳಿಗೂ ಹಾಕಬೇಕು, ಅದನ್ನೂ ಹೇಳಿದರು. ಡಿಸೆಂಬರ್ 31ರೊಳಗೆ ಮುಗಿಸಿ ಅಂತ ದಿನಾ ಫೋನ್ ಬರುತ್ತಿತ್ತಲ್ಲ, ಅವರ ಮಾತು ಕೇಳಿದ್ದರೆ ಒಂದು ವರ್ಷದ ಖರ್ಚು ಸುಮ್ನೆ ಹೋಗುತ್ತಿತ್ತು.

ಫೀಸು: ಅವರದ್ದು 8,000, ಡಿಜಿಟಲ್ ಸಹಿಗೆ ತಲಾ 1,500, ಮೂರು ಜನರದ್ದು. ಹೆಸರು ಕಾಯ್ದಿರಿಸಲು ಸರ್ಕಾರಕ್ಕೆ 1,000. ಅಧಿಕೃತ ಬಂಡವಾಳ (ಕಂಪನಿ ಹೆಚ್ಚೆಂದರೆ ಎಷ್ಟು ಮೊತ್ತದ ಷೇರು ಕೊಡಬಹುದು ಅನ್ನುವ ಮಿತಿ) 15 ಲಕ್ಷದವರೆಗೆ ಕೇಂದ್ರದ ನೋಂದಣಿ ಶುಲ್ಕ ಇಲ್ಲ, ರಾಜ್ಯದ ಸ್ಟಾಂಪ್ ಡ್ಯೂಟಿ ಬೇರೆ. ನಾವು 10 ಲಕ್ಷ ಇಟ್ಟೆವು. ಪ್ರತಿಯೊಂದಕ್ಕೂ ರಸೀದಿ ಸಿಕ್ಕಿತು.

ಹೆಸರು ಸಿಗುವುದೇ ದೊಡ್ಡ ಕೆಲಸ. ನಮಗೆ ಅಜ್ಜಿಯ ಹೆಸರು ಬೇಕಿತ್ತು. ಆ ಹೆಸರಿನ ಕಂಪನಿ ಆಗಲೇ ಇತ್ತು, ಟ್ರೇಡ್‌ಮಾರ್ಕ್ ಕೂಡ ಇತ್ತು. ಅರ್ಜಿ ಹಾಕುವ ಮೊದಲೇ ಮೇಡಂ ಎರಡೂ ಕಡೆ ಹುಡುಕಿ ತೋರಿಸಿದರು. ಅರ್ಜಿಯಲ್ಲಿ ಎರಡು ಹೆಸರು ಕೊಡಬಹುದು. ಅಜ್ಜಿಯ ಹೆಸರಿನ ಮುಂದೆ ಅವರ ತವರೂರಿನ ಹೆಸರು ಸೇರಿಸಿ ಒಂದು ಕೊಟ್ಟೆವು, ಅದೇ ಸಿಕ್ಕಿತು. ಸಿಕ್ಕ ಹೆಸರು 20 ದಿನ ಮಾತ್ರ ನಮ್ಮದು, ಅಷ್ಟರೊಳಗೆ ಸ್ಪೈಸ್ ಪ್ಲಸ್ ಅನ್ನುವ ಫಾರ್ಮ್‌ನ ಎರಡನೇ ಭಾಗ ಹಾಕಬೇಕು. ಅದಕ್ಕೇ ಹೆಸರಿನ ಅರ್ಜಿಯನ್ನು ಡಿಸೆಂಬರ್ ಮಧ್ಯದವರೆಗೆ ತಡೆದು ಹಾಕಿದ್ದರು.

ಕಾಗದಪತ್ರದಲ್ಲಿ ನಾನು ಸಿಕ್ಕಿಹಾಕಿಕೊಂಡೆ. ನನ್ನ ಪ್ಯಾನ್‌ನಲ್ಲಿ ಅಪ್ಪನ ಹೆಸರು, ಆಧಾರ್‌ನಲ್ಲಿ ಗಂಡನ ಮನೆ ಹೆಸರು. ಮದುವೆಯಾದ ಎಷ್ಟೋ ಹೆಣ್ಣುಮಕ್ಕಳ ಕಥೆ ಇದೇ, ಅಲ್ವಾ? ಡಿಜಿಟಲ್ ಸಹಿ ಪ್ಯಾನ್‌ನಲ್ಲಿ ಇದ್ದ ಹಾಗೆಯೇ ಬರಬೇಕು, ಇಲ್ಲದಿದ್ದರೆ ಫಾರ್ಮ್ ತಗೊಳ್ಳುವುದಿಲ್ಲ. ಹೆಸರು ಸರಿ ಮಾಡಿಸಲು ಹತ್ತು ದಿನ ಹೋಯಿತು. ನೀವು ಕಂಪನಿ ಮಾಡುವ ಯೋಚನೆಯಲ್ಲಿದ್ದರೆ ಇವತ್ತೇ ಎರಡೂ ಕಾರ್ಡ್ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ. ಆಫೀಸಿನ ವಿಳಾಸಕ್ಕೆ ಲೈಟ್ ಬಿಲ್ ಬೇಕು, ಎರಡು ತಿಂಗಳಿಗಿಂತ ಹಳೆಯದು ನಡೆಯುವುದಿಲ್ಲ. ನಮ್ಮ ಹೆಸ್ಕಾಂ ಬಿಲ್ ಮಾವನವರ ಹೆಸರಲ್ಲಿತ್ತು, ಹಾಗಾಗಿ ಅವರಿಂದ ಒಪ್ಪಿಗೆ ಪತ್ರ ಬರೆಸಿದೆವು. ಮನೆಯ ವಿಳಾಸವೇ ಆಗುತ್ತದೆ, ಬೇರೆ ಬಾಡಿಗೆ ಜಾಗ ಬೇಕಿಲ್ಲ.

ಡಿಜಿಟಲ್ ಸಹಿಗೆ ಮೊಬೈಲ್ ಮುಂದೆ ಪ್ಯಾನ್ ಹಿಡಿದು ಹೆಸರು ಹೇಳಿ ವಿಡಿಯೊ ಮಾಡಬೇಕು. ವೈನಿಯವರದ್ದು ಅಡುಗೆಮನೆಯ ಕತ್ತಲಲ್ಲಿ ಮಾಡಿದ್ದೆವು, ತಿರಸ್ಕಾರ ಆಯಿತು. ಅಂಗಳಕ್ಕೆ ಬಂದು ಮತ್ತೆ ಮಾಡಿದೆವು. ಸಹಿ ಬರುವುದು ಪೆನ್ ಡ್ರೈವ್ ಥರದ ಒಂದು ಟೋಕನ್‌ನಲ್ಲಿ. ಸುಮಾರು ಕಡೆ ಅದನ್ನು ಆಫೀಸಿನವರೇ ಇಟ್ಟುಕೊಳ್ಳುತ್ತಾರಂತೆ. ನಮ್ಮ ಮೇಡಂ ಮೂರನ್ನೂ ನಮ್ಮ ಕೈಗೆ ಕೊಟ್ಟು, ಪಾಸ್‌ವರ್ಡ್ ನಮ್ಮ ಕೈಯಿಂದಲೇ ಹಾಕಿಸಿದರು. ಟೋಕನ್, ಪಾಸ್‌ವರ್ಡ್ ಯಾರ ಹತ್ತಿರ ಇವೆಯೋ ಅವರು ನಿಮ್ಮ ಹೆಸರಲ್ಲಿ ಸಹಿ ಹಾಕಬಹುದು. ದಯವಿಟ್ಟು ಯಾರಿಗೂ ಬಿಟ್ಟು ಬರಬೇಡಿ.

ಮೆಮೊರಾಂಡಂ ಬರೆಯುವ ಮೊದಲು ಮೇಡಂ ನಮ್ಮ ಮನೆಗೆ ಬಂದರು. ರೊಟ್ಟಿ ತಟ್ಟುವ ಜಾಗ, ಚಟ್ನಿ ಕುಟ್ಟುವ ಯಂತ್ರ, ಪ್ಯಾಕ್ ಮಾಡುವ ಕೋಣೆ ನೋಡಿದರು. ಮುಂದೆ ಹೋಳಿಗೆ ಮಾಡ್ತೀರಾ, ಬೇರೆಯವರ ಮಾಲು ಮಾರ್ತೀರಾ, ಹೊರದೇಶಕ್ಕೆ ಕಳಿಸ್ತೀರಾ ಅಂತ ಕೇಳಿ ಎಲ್ಲ ಸೇರಿಸಿದರು.

ಜನವರಿ ಮೊದಲ ವಾರ ಅರ್ಜಿ ಹೋಯಿತು. ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ರಿಜಿಸ್ಟ್ರಾರ್ ಕಚೇರಿಗೆ ಓಡಾಡಬೇಕಾಗುತ್ತದೆ ಅಂತ ಹೆದರಿದ್ದೆ. ಒಮ್ಮೆಯೂ ಹೋಗಲಿಲ್ಲ. ಒಂದು ವಾರಕ್ಕೆ ಸರ್ಟಿಫಿಕೇಟ್ ಇಮೇಲ್‌ಗೆ ಬಂತು, ಪ್ಯಾನ್, ಟ್ಯಾನ್ (ಟಿಡಿಎಸ್ ತೆರಿಗೆ ಕಟ್ಟಲು ಬೇಕಾದ ನಂಬರ್) ಜೊತೆಗೇ. ಮೇಲೆ 21 ಅಕ್ಷರದ ಒಂದು ನಂಬರ್. ಮಧ್ಯದಲ್ಲಿ ಕೆಎ ಅಂತ, ಆಮೇಲೆ 2025 ಅಂತ. ವೈನಿ ಅದನ್ನು ಬೆರಳಿಟ್ಟು ಓದಿದರು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವರು ಅವರು. ಡೈರೆಕ್ಟರ್ ಅಂತ ಅವರ ಹೆಸರು ಮೊದಲು ಇತ್ತು.

ನಿಜವಾದ ಕೆಲಸ ಶುರು ಆಗುವುದು ಇಲ್ಲಿಂದ. ಮೂವತ್ತು ದಿನದೊಳಗೆ ಮೊದಲ ಬೋರ್ಡ್ ಮೀಟಿಂಗ್, ಆಡಿಟರ್ ನೇಮಕ. ಎರಡು ತಿಂಗಳೊಳಗೆ ಷೇರು ಸರ್ಟಿಫಿಕೇಟ್. ಷೇರಿನ ದುಡ್ಡು ಕಂಪನಿ ಖಾತೆಗೆ ಅವರವರ ಖಾತೆಯಿಂದಲೇ ಬರಬೇಕು, ಗಲ್ಲಾಪೆಟ್ಟಿಗೆಯ ನಗದು ಹಾಕಬೇಡಿ ಅಂತ ಎರಡು ಸಲ ಹೇಳಿದರು. ವೈನಿ ಮೂರು ಲಕ್ಷ, ನಾನು ಮೂರು, ತಮ್ಮ ಎರಡು. ಆ ದುಡ್ಡು ಬಂದಿದೆ ಅಂತ 180 ದಿನದೊಳಗೆ ಐಎನ್‌ಸಿ 20ಎ ಅನ್ನುವ ಫಾರ್ಮ್ ಹಾಕಬೇಕು. ಹಾಕುವವರೆಗೆ ಕಂಪನಿ ಹೆಸರಲ್ಲಿ ವ್ಯಾಪಾರ ಮಾಡುವ ಹಾಗಿಲ್ಲ, ಸಾಲ ತರುವ ಹಾಗಿಲ್ಲ. ತಪ್ಪಿದರೆ ಕಂಪನಿಗೆ 50,000 ದಂಡ, ಡೈರೆಕ್ಟರ್‌ಗಳಿಗೆ ಬೇರೆ. ವರ್ಷದ ಲೆಕ್ಕದ ಫಾರ್ಮ್‌ಗಳು ತಡ ಆದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ. ಮೂರು ವರ್ಷ ಸತತ ಹಾಕದಿದ್ದರೆ ಡೈರೆಕ್ಟರ್‌ಗಳು ಐದು ವರ್ಷ ಅನರ್ಹರು. ಆಡಿಟ್, ಫೈಲಿಂಗ್, ರಿಟರ್ನ್ ಎಲ್ಲ ಸೇರಿ ವರ್ಷಕ್ಕೆ 30,000 ತೆಗೆದಿಡಿ ಅಂತ ಮೊದಲ ದಿನವೇ ಹೇಳಿದ್ದರು.

ನನಗೆ ಬಹಳ ಖುಷಿ ಕೊಟ್ಟದ್ದು ಬಾಗಿಲಿಗೆ ಹಾಕುವ ಹೆಸರಿನ ಬೋರ್ಡಿನ ನಿಯಮ. ಆಫೀಸಿನ ಹೊರಗೆ ಕಂಪನಿ ಹೆಸರು, ವಿಳಾಸ ಬರೆಸಲೇಬೇಕು, ಮತ್ತು ಅದು ಆ ಊರಿನ ಜನ ಬಳಸುವ ಭಾಷೆಯ ಅಕ್ಷರದಲ್ಲೂ ಇರಬೇಕು ಅಂತ ಕಂಪನಿ ಕಾನೂನೇ ಹೇಳುತ್ತದೆ. ದುರ್ಗದಬೈಲ್ ಹತ್ತಿರದ ಪೇಂಟರ್ ಕೈಯಲ್ಲಿ ಕನ್ನಡದಲ್ಲೇ ದೊಡ್ಡದಾಗಿ ಬರೆಸಿದೆವು. ಅಜ್ಜಿಯ ಹೆಸರು ಹಳದಿ ಅಕ್ಷರದಲ್ಲಿ ಬಾಗಿಲ ಮೇಲಿದೆ.

ಹಾಗಾದರೆ ಐದು ಸ್ಟಾರ್ ಯಾಕಿಲ್ಲ? ಹಳೆಯ ಆಹಾರ ಲೈಸೆನ್ಸ್ ವೈನಿಯವರ ಹೆಸರಲ್ಲಿತ್ತು. ಕಂಪನಿಗೆ ಹೊಸದು ಬೇಕು, ಆ ನಂಬರ್ ಪ್ರತಿ ಪ್ಯಾಕೆಟ್ ಮೇಲೆ ಇರಬೇಕು. ಮೇಡಂ ಇದನ್ನು ಹೇಳುವ ಹೊತ್ತಿಗೆ ನಾವು 4,000 ಪೌಚ್ ಹಳೆಯ ನಂಬರ್ ಹಾಕಿ ಪ್ರಿಂಟ್ ಮಾಡಿಸಿ ಆಗಿತ್ತು. ಬಹುತೇಕ ಎಲ್ಲ ವ್ಯರ್ಥ ಆಯಿತು. ಮೊದಲ ದಿನವೇ ಒಂದು ಮಾತು ಹೇಳಬೇಕಿತ್ತು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಫೋನ್ ಕೂಡ ಎತ್ತುವುದಿಲ್ಲ. ಎಲ್ಲರ ಫೈಲಿಂಗ್ ಆಗಲೇ ಇರುತ್ತದೆ, ಅರ್ಥ ಆಗುತ್ತದೆ, ಆದರೂ ಒಂದು ಮೆಸೇಜ್ ಹಾಕಬಹುದಿತ್ತು.

ಒಬ್ಬರೇ ವ್ಯಾಪಾರ ಮಾಡುತ್ತಿದ್ದೀರಿ, ಪಾಲು ಕೇಳುವವರಿಲ್ಲ, ದೊಡ್ಡ ಸಾಲ ಬಾಕಿ ಇಲ್ಲ ಅಂದರೆ ಕಂಪನಿಗೆ ಅವಸರ ಬೇಡ, ಉದ್ಯಮ್ ನೋಂದಣಿ ಪುಕ್ಕಟೆ ಇದೆ, ಅದರಲ್ಲೇ ನಡೆಯುತ್ತದೆ. ಮಾಡಿಸಲೇಬೇಕು ಅಂದರೆ ಫೋನಿನಲ್ಲಿ ರೇಟ್ ಕೇಳುವ ಮೊದಲು, ಮುಂದಿನ ಒಂದು ವರ್ಷದಲ್ಲಿ ಏನೇನು ಫೈಲ್ ಮಾಡಬೇಕು, ಅದಕ್ಕೆಷ್ಟು ಆಗುತ್ತದೆ ಅಂತ ಕೇಳಿ. ತಡವರಿಸಿದರೆ ಫೋನ್ ಇಟ್ಟುಬಿಡಿ.

ನಮ್ಮ ಮೊದಲ ಲೆಕ್ಕದ ವರ್ಷ 2026ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆಡಿಟರ್ ಈಗಲೇ ಬಿಲ್ಲುಗಳನ್ನು ಕೇಳಿದ್ದಾರೆ. ಅಮರಗೋಳ ಎಪಿಎಂಸಿಯ ಜೋಳದ ಚೀಟಿಗಳನ್ನೆಲ್ಲ ವೈನಿ ತಿಂಗಳ ಪ್ರಕಾರ ದಾರ ಕಟ್ಟಿ, ಹಿಟ್ಟಿನ ಡಬ್ಬಿಯ ಪಕ್ಕ ಸಾಲಾಗಿ ಇಟ್ಟಿದ್ದಾರೆ.