ಹಳೇ ಲ್ಯಾಪ್‌ಟಾಪಿಗೆ ಸ್ಯಾಮ್‌ಸಂಗ್ 870 ಇವೊ 500 ಜಿಬಿ: ಉಪ್ಪುಗಾಳಿಯ ಊರಿನಿಂದ ಒಂದು ವಿಮರ್ಶೆ

ಕಾರವಾರದಿಂದ ಭಟ್ಕಳದವರೆಗೆ ಮನೆ, ಅಂಗಡಿ, ಸಹಕಾರಿ ಸಂಘಗಳಲ್ಲಿ 2012ರಿಂದ 2017ರ ನಡುವಿನ ಲ್ಯಾಪ್‌ಟಾಪುಗಳು ಇನ್ನೂ ಬೇಕಾದಷ್ಟು ಕೆಲಸ ಮಾಡುತ್ತಿವೆ. ಅವುಗಳಲ್ಲಿ ಬಹುಪಾಲು ನಿಧಾನವಾಗಿರುವುದು ಪ್ರೊಸೆಸರಿನಿಂದಲ್ಲ, ಒಳಗೆ ತಿರುಗುವ ಹಾರ್ಡ್‌ಡಿಸ್ಕಿನಿಂದ. ಅದನ್ನು ತೆಗೆದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದೆ ಚಿಪ್ಪುಗಳಲ್ಲಿ ಡೇಟಾ ಇಡುವ ಡ್ರೈವ್; ಸಾಟಾ ಎಂದರೆ ಅದನ್ನು ಬೋರ್ಡಿಗೆ ಜೋಡಿಸುವ ಬಗೆ) ಕೂರಿಸುವವರಿಗೆ 870 ಇವೊ ಒಳ್ಳೆಯ ಆಯ್ಕೆ. ಆದರೆ ನಮ್ಮ ಜಿಲ್ಲೆಯಲ್ಲಿ ಅದು ಎಷ್ಟು ಕಾಲ ಬಾಳುತ್ತದೆ ಎಂಬುದು ಡ್ರೈವಿನ ಬ್ರ್ಯಾಂಡಿಗಿಂತ ಎರಡು ಸಂಗತಿಗಳ ಮೇಲೆ ನಿಂತಿದೆ: ಲ್ಯಾಪ್‌ಟಾಪಿನ ಬ್ಯಾಟರಿಗೆ ಜೀವ ಇದೆಯೇ, ಕನೆಕ್ಟರಿಗೆ ಕಿಲುಬು ಹಿಡಿದಿದೆಯೇ.

ಮೊದಲು ಡ್ರೈವಿನ ವಿಷಯ. 870 ಇವೊ 2021ರಲ್ಲಿ ಮಾರುಕಟ್ಟೆಗೆ ಬಂತು. ದಪ್ಪ 7 ಮಿಮೀ. ಕಂಪನಿ ಹೇಳುವ ವೇಗ ಸೆಕೆಂಡಿಗೆ ಓದಲು 560 ಎಂಬಿ, ಬರೆಯಲು 530 ಎಂಬಿ. ವಾರಂಟಿ ಐದು ವರ್ಷ, ಅಥವಾ 500 ಜಿಬಿ ಮಾದರಿಗೆ 300 ಟಿಬಿ ಬರೆಯುವವರೆಗೆ, ಯಾವುದು ಮೊದಲೋ ಅದು. ದಿನಕ್ಕೆ 20 ಜಿಬಿ ಬರೆದರೂ 300 ಟಿಬಿ ಮುಗಿಯಲು ನಲವತ್ತು ವರ್ಷ ಬೇಕು. ಹಾಗಾಗಿ ಮನೆ, ಕಚೇರಿ ಬಳಕೆಯಲ್ಲಿ ಆ ಅಂಕಿಯ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ. ಒಳಗೆ 512 ಎಂಬಿ ವೇಗದ ತಾತ್ಕಾಲಿಕ ಮೆಮೊರಿ, ಅಂದರೆ ಡಿರ್‍ಯಾಮ್ ಇದೆ. ಅಗ್ಗದ ಎಸ್‌ಎಸ್‌ಡಿಗಳಲ್ಲಿ ಇಲ್ಲದ್ದು ಇದೇ. ಯಾವ ಡೇಟಾ ಯಾವ ಚಿಪ್ಪಿನಲ್ಲಿದೆ ಎಂಬ ಪಟ್ಟಿ ಈ ಡಿರ್‍ಯಾಮಿನಲ್ಲಿ ಇರುವುದರಿಂದ, ಡ್ರೈವ್ ಅರ್ಧಕ್ಕಿಂತ ಹೆಚ್ಚು ತುಂಬಿದ ಮೇಲೂ ವೇಗ ತಕ್ಷಣ ಕುಸಿಯುವುದಿಲ್ಲ.

ಹೋಲಿಸಲು ಕ್ರೂಷಿಯಲ್ ಬಿಎಕ್ಸ್500 480 ಜಿಬಿ ತೆಗೆದುಕೊಳ್ಳಿ. ಡಿರ್‍ಯಾಮ್ ಇಲ್ಲ, ವಾರಂಟಿ ಮೂರು ವರ್ಷ, ಬರೆಯುವ ಮಿತಿ 120 ಟಿಬಿ. ಬ್ರೌಸರು, ನುಡಿ, ಬಿಲ್ಲಿಂಗ್ ಇಷ್ಟೇ ಇದ್ದರೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಮದುವೆ ವಿಡಿಯೊ ಎಡಿಟ್ ಮಾಡುವವರಿಗೆ, ಒಂದೇ ಸಲ ಹತ್ತಾರು ಜಿಬಿ ನಕಲು ಮಾಡುವವರಿಗೆ ಕಾಣುತ್ತದೆ. ಸೆಕೆಂಡಿಗೆ 560 ಎಂಬಿ ಎಂಬ ಜಾಹೀರಾತಿನ ಅಂಕಿಗೆ ಮಾರುಹೋಗಬೇಡಿ. 5400 ಆರ್‌ಪಿಎಂ ಹಾರ್ಡ್‌ಡಿಸ್ಕಿಗೆ ಒಂದು ಸಣ್ಣ ತುಣುಕು ಹುಡುಕಲು 15 ಮಿಲಿಸೆಕೆಂಡ್ ಆಸುಪಾಸು ಬೇಕು, ಎಸ್‌ಎಸ್‌ಡಿಗೆ 0.1 ಮಿಲಿಸೆಕೆಂಡ್ ಸಾಕು. ವಿಂಡೋಸ್ ಬೇಗ ತೆರೆಯುವುದು ಇದರಿಂದ. 2010ರ ಸುಮಾರಿನ ಸಾಟಾ-2 ಲ್ಯಾಪ್‌ಟಾಪಿನಲ್ಲಿ ವೇಗ 270 ಎಂಬಿ ದಾಟದಿದ್ದರೂ ಹುಡುಕುವ ಸಮಯದ ಲಾಭ ಪೂರ್ತಿ ಸಿಗುತ್ತದೆ.

480ಕ್ಕೂ 500ಕ್ಕೂ ನಡುವಿನ ಆ 20 ಜಿಬಿ ಸಣ್ಣ ವಿಷಯ ಅಲ್ಲ. 500 ಜಿಬಿ ಹಾರ್ಡ್‌ಡಿಸ್ಕಿನಲ್ಲಿ ಸಾಮಾನ್ಯವಾಗಿ 97,67,73,168 ಸೆಕ್ಟರ್ (ಡೇಟಾ ಇಡುವ ಸಣ್ಣ ತುಂಡುಗಳು) ಇರುತ್ತವೆ, 500 ಜಿಬಿ 870 ಇವೊದಲ್ಲೂ ಅಷ್ಟೇ. ಡಿಸ್ಕ್ ನಕಲಿಸುವ ಪ್ರೋಗ್ರಾಂ ಕ್ಲೋನ್‌ಜಿಲ್ಲಾದಿಂದ ನೇರ ನಕಲು ಇಳಿಸಿದರೆ ಸರಿಯಾಗಿ ಕೂರುತ್ತದೆ. 480 ಜಿಬಿ ಡ್ರೈವಿಗೆ ಅದೇ ಕೆಲಸ ಮಾಡಲು ಹೋದರೆ, ಡಿಸ್ಕಿನಲ್ಲಿ ಬರೀ 100 ಜಿಬಿ ತುಂಬಿದ್ದರೂ, ಗುರಿ ಡಿಸ್ಕ್ ಚಿಕ್ಕದು ಎಂದು ಪ್ರೋಗ್ರಾಂ ನಿಂತುಬಿಡುತ್ತದೆ. ಆಗ ಮೊದಲು ಪಾರ್ಟಿಷನ್ (ಡಿಸ್ಕಿನ ವಿಭಾಗ) ಕುಗ್ಗಿಸಬೇಕು. ಸ್ಯಾಮ್‌ಸಂಗಿನದೇ ಡೇಟಾ ಮೈಗ್ರೇಷನ್ ಪ್ರೋಗ್ರಾಂ ತುಂಬಿದ ಭಾಗವನ್ನಷ್ಟೇ ನಕಲಿಸುತ್ತದೆ, ಆದರೆ ಅದು ನಕಲಿಸುವುದು ಸ್ಯಾಮ್‌ಸಂಗ್ ಎಸ್‌ಎಸ್‌ಡಿಗೆ ಮಾತ್ರ.

ಹೊಸದಾಗಿ ವಿಂಡೋಸ್ ಹಾಕುವುದಕ್ಕಿಂತ ಕ್ಲೋನ್ ಮಾಡುವುದು, ಅಂದರೆ ಹಳೇ ಡಿಸ್ಕನ್ನು ಇದ್ದ ಹಾಗೇ ನಕಲಿಸುವುದು, ನಮ್ಮ ಕಡೆ ಹೆಚ್ಚು ಅನುಕೂಲ. ಹಳೇ ನುಡಿ ಫಾಂಟುಗಳು, ಪ್ರಿಂಟರ್ ಡ್ರೈವರ್, ಸಂಘದ ಲೆಕ್ಕದ ತಂತ್ರಾಂಶ ಎಲ್ಲವೂ ಇದ್ದ ಹಾಗೇ ಬರುತ್ತವೆ. ಟ್ಯಾಲಿ ಇದ್ದರೆ ಡಿಸ್ಕ್ ಬಿಚ್ಚುವ ಮೊದಲೇ ಲೈಸೆನ್ಸ್ ಸರೆಂಡರ್ ಮಾಡಿಟ್ಟುಕೊಳ್ಳಿ, ಬದಲಾಯಿಸಿದ ಮೇಲೆ ಮತ್ತೆ ಆಕ್ಟಿವೇಟ್ ಮಾಡಿದರಾಯಿತು. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಗೂಢಲಿಪಿಯ ಬೀಗ) ಹಾಕಿದ್ದರೆ ಅದನ್ನು ತೆಗೆದು, ಪೂರ್ತಿ ಡಿಕ್ರಿಪ್ಟ್ ಆಗುವವರೆಗೆ ಕಾಯಿರಿ. ನಂತರ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಪ್ರೋಗ್ರಾಮಿನಲ್ಲಿ ಹಳೇ ಡಿಸ್ಕಿನ ಆರೋಗ್ಯ ನೋಡಿ. ಪೆಂಡಿಂಗ್ ಸೆಕ್ಟರ್ (ಓದಲು ತೊಂದರೆ ಕೊಡುತ್ತಿರುವ ಜಾಗ) ಸಂಖ್ಯೆ ಸೊನ್ನೆ ಇಲ್ಲದಿದ್ದರೆ ಕ್ಲೋನ್ ಆಮೇಲೆ, ಮೊದಲು ಫೋಟೊ, ದಾಖಲೆಗಳನ್ನು ಬೇರೆ ಕಡೆ ನಕಲಿಸಿ. ಸಾಯುತ್ತಿರುವ ಡಿಸ್ಕನ್ನು ಕ್ಲೋನಿಗೆ ಹಚ್ಚಿದರೆ ಅರ್ಧದಲ್ಲೇ ಪ್ರಾಣ ಬಿಡುವುದುಂಟು.

870 ಇವೊ ಡಬ್ಬಿಯಲ್ಲಿ ಡ್ರೈವ್ ಬಿಟ್ಟರೆ ಕೇಬಲ್, ಸ್ಕ್ರೂ, ಸ್ಪೇಸರ್ ಏನೂ ಬರುವುದಿಲ್ಲ. ಇದು ಈ ಡ್ರೈವಿನ ಕೊರತೆಯೇ ಸರಿ. ಕ್ಲೋನ್ ಮಾಡುವಾಗ ಹೊಸ ಡ್ರೈವನ್ನು ಹೊರಗಿನಿಂದ ಜೋಡಿಸಲು ಯುಎಸ್‌ಬಿ 3.0 ಸಾಟಾ ಕೇಬಲ್ ಪ್ರತ್ಯೇಕವಾಗಿ ಕೊಳ್ಳಬೇಕು. ಅದನ್ನು ನೀಲಿ ಯುಎಸ್‌ಬಿ ಪೋರ್ಟಿಗೇ ಚುಚ್ಚಿ. ಯುಎಸ್‌ಬಿ 2.0 ಪೋರ್ಟಿನಲ್ಲಿ ಸೆಕೆಂಡಿಗೆ 35 ಎಂಬಿ ಸಿಕ್ಕರೆ ಹೆಚ್ಚು. 200 ಜಿಬಿ ಡೇಟಾಕ್ಕೆ ಒಂದೂವರೆ ಗಂಟೆ ದಾಟುತ್ತದೆ, ಕರೆಂಟೂ ಸಾಲದೆ ಡ್ರೈವ್ ನಡುವೆ ಕಳಚಿಕೊಳ್ಳಬಹುದು. ಹಳೇ ಡಿಸ್ಕ್ 9.5 ಮಿಮೀ ದಪ್ಪ ಇದ್ದರೆ 7 ಮಿಮೀ ಡ್ರೈವ್ ಬ್ರ್ಯಾಕೆಟ್ ಇಲ್ಲದ ಜಾಗದಲ್ಲಿ ಅಲ್ಲಾಡುತ್ತದೆ. 2.5 ಮಿಮೀ ಸ್ಪೇಸರ್ ಅಂಟಿಸಿ. ನಾಲ್ಕು ಸ್ಕ್ರೂಗಳಿಂದ ಬ್ರ್ಯಾಕೆಟಿಗೆ ಬಿಗಿಯುವ ಲ್ಯಾಪ್‌ಟಾಪುಗಳಿಗೆ ಸ್ಪೇಸರ್ ಬೇಡ, ಹಳೇ ಡಿಸ್ಕಿನ ಎಂ3 ಸ್ಕ್ರೂಗಳನ್ನೇ ಬಳಸಿ. ಉದ್ದದ ಸ್ಕ್ರೂ ಹಾಕಿದರೆ ಅದು ಒಳಗಿನ ಬೋರ್ಡಿಗೆ ತಾಗುತ್ತದೆ.

ಬಿಚ್ಚುವಾಗ ಕರಾವಳಿಯ ಲ್ಯಾಪ್‌ಟಾಪು ಬೇರೆ ಊರಿನದರ ಹಾಗಲ್ಲ. ತಳದ ಸ್ಕ್ರೂಗಳು ಉಪ್ಪುಗಾಳಿಗೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ತಲೆಗೆ ಸರಿಯಾಗಿ ಕೂರುವ ಪಿಎಚ್ 0 ಅಥವಾ ಪಿಎಚ್ 1 (ಫಿಲಿಪ್ಸ್) ಸ್ಕ್ರೂಡ್ರೈವರನ್ನು ಗಟ್ಟಿಯಾಗಿ ಒತ್ತಿ ಹಿಡಿದು ನಿಧಾನ ತಿರುಗಿಸಿ. ಸಡಿಲ ಡ್ರೈವರಿನಿಂದ ತಲೆ ಸವೆದರೆ ಆಮೇಲೆ ಕೊರೆದೇ ತೆಗೆಯಬೇಕು. ತೆಗೆದ ಸ್ಕ್ರೂಗಳನ್ನು ಕಾಗದದ ಮೇಲೆ ಚಿತ್ರ ಬರೆದು ಅದೇ ಜಾಗದಲ್ಲಿಡಿ. ಬ್ಯಾಟರಿ ಹೊರಗೆ ಬರುವಂಥದಾದರೆ ತೆಗೆಯಿರಿ, ಒಳಗಿದ್ದರೆ ಕವರ್ ತೆಗೆದ ಕೂಡಲೇ ಅದರ ಪ್ಲಗ್ ಕಳಚಿ. ಆಮೇಲೆ ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ.

ಹಲವು ಮಾದರಿಗಳಲ್ಲಿ ಡಿಸ್ಕಿಗೂ ಬೋರ್ಡಿಗೂ ನಡುವೆ ತೆಳು ಪಟ್ಟಿ ಕೇಬಲ್ ಇರುತ್ತದೆ. ಹೆಚ್ಚು ಹಾಳಾಗುವುದು ಇದೇ. ಕೇಬಲ್ ಹಿಡಿದು ಎಳೆಯಬೇಡಿ. ಬೋರ್ಡಿನ ಕಡೆಯ ಸಣ್ಣ ಲ್ಯಾಚನ್ನು ಉಗುರಿನಿಂದ ಎತ್ತಿ, ಆಮೇಲೆ ಕೇಬಲ್ ಹಿಂದಕ್ಕೆ ಸರಿಸಿ. ಹರಿದರೆ ಅದೇ ಮಾದರಿಯ ಕೇಬಲ್ ಊರಲ್ಲಿ ಸಿಗುವುದು ಕಷ್ಟ, ಹುಬ್ಬಳ್ಳಿಯಿಂದಲೋ ಆನ್‌ಲೈನಿನಲ್ಲೋ ತರಿಸಬೇಕು.

ಹಳೇ ಡಿಸ್ಕ್ ತೆಗೆದ ಮೇಲೆ ಸಾಟಾ ಕನೆಕ್ಟರನ್ನು ಟಾರ್ಚ್ ಹಾಕಿ ನೋಡಿ. ಬಿಳಿ ಪುಡಿ, ಹಸಿರು ಕಿಲುಬು ಕಂಡರೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಮೃದು ಬ್ರಷ್ ಅದ್ದಿ ಉಜ್ಜಿ, ಪೂರ್ತಿ ಒಣಗಿಸಿ. ಈ ಕೆಲಸ ಬಿಟ್ಟುಬಿಟ್ಟರೆ ಹೊಸ ಡ್ರೈವೂ ಆಗಾಗ ಮಾಯವಾಗುತ್ತದೆ, ಲ್ಯಾಪ್‌ಟಾಪು ಕ್ಷಣಕಾಲ ಹೆಪ್ಪುಗಟ್ಟುತ್ತದೆ. ಎಸ್‌ಎಸ್‌ಡಿಯೇ ಕೆಟ್ಟಿತೆಂದು ವಾಪಸ್ ಕಳಿಸುವ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಸಿಆರ್‌ಸಿ ಎರರ್ (ಡೇಟಾ ಸಾಗುವಾಗ ಆಗುವ ದೋಷ) ಸಂಖ್ಯೆ ನೋಡಿ. ಅದು ದಿನದಿನಕ್ಕೆ ಏರುತ್ತಿದ್ದರೆ ದೋಷ ಇರುವುದು ಕೇಬಲ್ ಅಥವಾ ಕನೆಕ್ಟರಿನಲ್ಲಿ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ ಕಡೆ ಉಪ್ಪಿನ ಕಾಟ ಕಡಿಮೆ, ಆದರೆ ಮಳೆಗಾಲದ ಥಂಡಿಗೆ ಬೂಸ್ಟು ಹಿಡಿದ ಬ್ಯಾಗಿನಲ್ಲಿಟ್ಟ ಲ್ಯಾಪ್‌ಟಾಪಿಗೂ ಇದೇ ತಪಾಸಣೆ ಬೇಕು.

ಕ್ಲೋನ್ ಆದ ಮೇಲೆ ಮೊದಲ ಸಲ ಆನ್ ಮಾಡುವಾಗ ಹಳೇ ಡಿಸ್ಕ್ ಯುಎಸ್‌ಬಿಯಲ್ಲಿ ಇರಕೂಡದು. ಎರಡರ ಗುರುತಿನ ಸಂಖ್ಯೆಯೂ ಒಂದೇ ಆದ್ದರಿಂದ ವಿಂಡೋಸ್ ಗೊಂದಲಕ್ಕೆ ಬೀಳುತ್ತದೆ. ಬೂಟ್ ಡಿವೈಸ್ ಸಿಗಲಿಲ್ಲ ಎಂದು ನೀಲಿ ಪರದೆ ಬಂದರೆ ಬಯೋಸಿನಲ್ಲಿ (ವಿಂಡೋಸ್ ತೆರೆಯುವ ಮೊದಲಿನ ಸೆಟ್ಟಿಂಗ್ ಪರದೆ) ಸಾಟಾ ಮೋಡ್ ನೋಡಿ, ಮೊದಲು ಏನಿತ್ತೋ ಅದೇ ಇರಬೇಕು. ನಂತರ ಸ್ಯಾಮ್‌ಸಂಗಿನ ಮ್ಯಾಜಿಷಿಯನ್ ತಂತ್ರಾಂಶ ಹಾಕಿ ಡ್ರೈವ್ ಅಸಲಿಯೋ ಎಂದು ಪರೀಕ್ಷಿಸಿ, ಫರ್ಮ್‌ವೇರ್ (ಡ್ರೈವಿನೊಳಗಿನ ತಂತ್ರಾಂಶ) ಹೊಸದಿದ್ದರೆ ಹಾಕಿಕೊಳ್ಳಿ. ಜಿಎಸ್‌ಟಿ ಬಿಲ್ ಇಲ್ಲದೆ ಕೊಳ್ಳಬೇಡಿ. ರ್‍ಯಾಮ್ 4 ಜಿಬಿ ಮಾತ್ರ ಇದ್ದರೆ ಅದೇ ದಿನ 8 ಜಿಬಿ ಮಾಡಿಸಿ.

ಇನ್ನು ಬ್ಯಾಟರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುವುದು ನಮಗೆ ಹೊಸತಲ್ಲ. ಬ್ಯಾಟರಿ ಸತ್ತ ಲ್ಯಾಪ್‌ಟಾಪು ಆ ಕ್ಷಣ ಧಪ್ಪೆಂದು ಆರುತ್ತದೆ. 870 ಇವೊದಲ್ಲಿ, ಸರ್ವರ್ ಡ್ರೈವುಗಳಲ್ಲಿರುವಂತೆ, ಅಂಥ ಹೊತ್ತಿಗೆ ಬೇಕಾದ ಕೆಪ್ಯಾಸಿಟರ್ (ಸ್ವಲ್ಪ ಹೊತ್ತು ಕರೆಂಟು ಹಿಡಿದಿಡುವ ಬಿಡಿಭಾಗ) ರಕ್ಷಣೆ ಇಲ್ಲ. ಬರೆಯುವ ಹೊತ್ತಿಗೆ ಆರಿದರೆ ಕೊನೆಯ ಡೇಟಾ ಹೋಗುತ್ತದೆ, ಪದೇ ಪದೇ ಆದರೆ ಫೈಲ್ ಸಿಸ್ಟಂ ಕೆಡುತ್ತದೆ. 870 ಇವೊ, ಹೊಸ ಬ್ಯಾಟರಿ ಎರಡಕ್ಕೂ ಹಣ ಸಾಲದಿದ್ದರೆ ಬಿಎಕ್ಸ್500 ಕೊಂಡು, ಉಳಿದದ್ದರಲ್ಲಿ ಬ್ಯಾಟರಿ ಬದಲಾಯಿಸಿ. ಸತ್ತ ಬ್ಯಾಟರಿಯ ಮೇಲೆ 870 ಇವೊ ಹಾಕುವುದಕ್ಕಿಂತ ಇದು ಮೇಲು.

ಒಂದು ಮಾತು ಮೊದಲೇ ತಿಳಿದಿರಲಿ: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎಸ್‌ಎಸ್‌ಡಿ ಹಾಕಿದ ಮಾತ್ರಕ್ಕೆ ನಾಲ್ಕನೇ, ಐದನೇ ತಲೆಮಾರಿನ ಇಂಟೆಲ್ ಪ್ರೊಸೆಸರಿಗೆ ವಿಂಡೋಸ್ 11ರ ಅರ್ಹತೆ ಬರುವುದಿಲ್ಲ. ಬ್ಯಾಂಕಿಂಗ್ ಮಾಡುವ ಯಂತ್ರವಾದರೆ ವಿಂಡೋಸ್ ಬದಲು ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್ ಹಾಕುವುದು ಒಳ್ಳೆಯದು, ಈ ಡ್ರೈವಿನ ಮೇಲೆ ಅದು ಸರಾಗವಾಗಿ ಓಡುತ್ತದೆ.

ತೆಗೆದ ಹಾರ್ಡ್‌ಡಿಸ್ಕನ್ನು ಕನಿಷ್ಠ ಒಂದು ತಿಂಗಳು ಅಳಿಸದೆ ಇಡಿ. ಎಸ್‌ಎಸ್‌ಡಿಯಲ್ಲಿ ಟ್ರಿಮ್ (ಅಳಿಸಿದ ಜಾಗವನ್ನು ಖಾಲಿ ಎಂದು ಡ್ರೈವಿಗೆ ತಿಳಿಸುವ ಕೆಲಸ) ಓಡಿದ ಮೇಲೆ ಅಳಿಸಿಹೋದ ಫೈಲನ್ನು ಮರಳಿ ಪಡೆಯುವುದು ಹೆಚ್ಚುಕಡಿಮೆ ಅಸಾಧ್ಯ. ಆರೋಗ್ಯ ಸರಿಯಿದ್ದರೆ ಯುಎಸ್‌ಬಿ ಕೇಸಿನಲ್ಲಿ ಹಾಕಿ ಬ್ಯಾಕಪ್ಪಿಗೆ ಬಳಸಿ. ಡಿಸ್ಕಿನ ಮೇಲೆ ಗಾಳಿಯಾಡುವ ಸಣ್ಣ ರಂಧ್ರವಿದೆ, ಅದರ ಮೇಲೆ ಟೇಪ್ ಅಂಟಿಸಬೇಡಿ. ಬಳಸದ ದಿನಗಳಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ, ಪುಡಿಕೆಯನ್ನು ಮಳೆಗಾಲಕ್ಕೆ ಮುಂಚೆ ಬದಲಾಯಿಸಿ.