“120 ಅಪ್‌ಡೇಟ್‌ನಲ್ಲಿ ಬರುತ್ತೆ ಸರ್” ಅಂತ ಹೇಳಿ ಟಿವಿ ಮಾರಿದರು. ದಯವಿಟ್ಟು ಓದಿ

ಎರಡು ವರ್ಷ ಕಾದೆ ಕಣ್ರೀ. ಎರಡು ವರ್ಷ! ಬರೆಯೋದಕ್ಕೆ ನಾಚಿಕೆ ಆಗ್ತಿದೆ, ಯಾಕಂದ್ರೆ ನೆಂಟರಿಷ್ಟರಲ್ಲಿ ಯಾರು ಏನು ಎಲೆಕ್ಟ್ರಾನಿಕ್ಸ್ ತಗೊಂಡರೂ ಮೊದಲು ಫೋನ್ ಮಾಡೋದು ನನಗೆ. ಅಂಥ ನಾನೇ ಬೇಸ್ತು ಬಿದ್ದೆ. ಸಿಟ್ಟಿನಲ್ಲಿ ಬರೀತಿದ್ದೀನಿ, ಹಿಂದೆ ಮುಂದೆ ಆಗಿದ್ರೆ ಹೊಂದಿಸಿಕೊಂಡು ಓದಿ. ಕಂಪನಿ ಹೆಸರು ಹಾಕಲ್ಲ.

ನನಗೆ ಟಿವಿ ಬೇಕಿದ್ದದ್ದು ಗೇಮ್ ಕನ್ಸೋಲ್‌ಗೆ. 4ಕೆಯಲ್ಲಿ 120 ಹರ್ಟ್ಸ್, ಅಂದರೆ ಪರದೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸಬೇಕು, ಇದಕ್ಕೇ ರಿಫ್ರೆಶ್ ರೇಟ್ ಅನ್ನೋದು. ಅದೊಂದೇ ಬೇಡಿಕೆ. ಬಾಕ್ಸ್ ಮೇಲೆ ದಪ್ಪ ಅಕ್ಷರದಲ್ಲಿ “ಎಚ್‌ಡಿಎಂಐ 2.1” ಅಂತ ಇತ್ತು (ಕನ್ಸೋಲ್‌ನ ಕೇಬಲ್ ಸಿಕ್ಕಿಸೋ ಪೋರ್ಟ್‌ನ ಆವೃತ್ತಿ ಅದು), ಅದರ ಪಕ್ಕದಲ್ಲೇ “120”. ಆ 120ರ ತಲೆ ಮೇಲೆ ಇರುವೆ ಗಾತ್ರದ ಒಂದು ನಕ್ಷತ್ರ. ಬಾಕ್ಸ್ ತಿರುಗಿಸಿ, ಮೊಣಕಾಲೂರಿ ಕೂತು, ತಳದ ಸಾಲು ಓದಿದೆ: ಕೆಲವು ಸೌಲಭ್ಯಗಳು ಮುಂದಿನ ಫರ್ಮ್‌ವೇರ್ (ಅಂದರೆ ಟಿವಿ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮೂಲಕ ದೊರೆಯಲಿವೆ. ಓದಿದ್ದೆ. ಓದದೇ ತಗೊಂಡೆ ಅಂತ ಯಾರೂ ಹೇಳಬೇಡಿ.

ಮಾರುವವನನ್ನು ಕೇಳಿದೆ. “ಈಗ 60 ಸರ್, 120 ಅಪ್‌ಡೇಟ್‌ನಲ್ಲಿ ಬರುತ್ತೆ. ಪೋರ್ಟ್ 2.1 ಇದೆಯಲ್ಲ, ಇನ್ನೇನು ಬೇಕು?” ಅಂದ. ಅಲ್ಲೇ ನಿಂತು ಕಂಪನಿಯ ಚಾಟ್‌ನಲ್ಲೂ ಕೇಳಿದೆ. “ಹೌದು ಸರ್, ಶೀಘ್ರದಲ್ಲೇ” ಅಂತ ಬಂತು. ಮೂಗಿಗೆ ತುಪ್ಪ ಸವರಿದರು, ನಾನು ಆ ಘಮದಲ್ಲೇ ಹೊಟ್ಟೆ ತುಂಬಿಸಿಕೊಂಡೆ. ಸಾಲದ್ದಕ್ಕೆ ಮುಂದಿನ ತಿಂಗಳು ಭಾವನಿಗೂ ಅದೇ ಮಾಡೆಲ್ ಕೊಡಿಸಿದೆ, ಅವರ ಮಗ ಗೇಮ್ ಆಡ್ತಾನೆ ಅಂತ. “ನೀನು ಹೇಳಿದ ಮೇಲೆ ಮುಗೀತು” ಅಂದು ಬೇರೆ ಯಾವುದನ್ನೂ ನೋಡದೆ ತಗೊಂಡರು. ಅದು ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತೆ.

ಆರು ತಿಂಗಳಾಯಿತು, ಅಪ್‌ಡೇಟ್ ಇಲ್ಲ. ಸಹಾಯವಾಣಿಗೆ ಫೋನ್ ಮಾಡಿದೆ. ಅವರ ಉತ್ತರಗಳನ್ನು ಬಂದ ಹಾಗೇ ಬರೀತೀನಿ, ನಿಮಗೂ ಇದೇ ಸರದಿಯಲ್ಲಿ ಬರುತ್ತೆ, ನೋಡ್ತಿರಿ. ಮೊದಲ ಸಲ, “ಕೇಬಲ್ ಬದಲಾಯಿಸಿ ಸರ್.” ಸೆಕೆಂಡಿಗೆ 48 ಗಿಗಾಬಿಟ್ ಮಾಹಿತಿ ಹೊರುವ ಅಲ್ಟ್ರಾ ಹೈಸ್ಪೀಡ್ ಕೇಬಲ್ ತಂದೆ. ಕನ್ಸೋಲ್‌ನ ವಿಡಿಯೋ ಔಟ್‌ಪುಟ್ ಪುಟದಲ್ಲಿ ಮತ್ತದೇ 3840 ಗುಣಿಸು 2160 (4ಕೆ ಅಂದರೆ ಇದೇ), 60 ಹರ್ಟ್ಸ್. ಎರಡನೇ ಸಲ, “ಫ್ಯಾಕ್ಟರಿ ರೀಸೆಟ್ ಮಾಡಿ ಸರ್.” ಮಾಡಿದೆ. ಎಲ್ಲ ಆ್ಯಪ್‌ಗಳಿಗೂ ಮತ್ತೆ ಪಾಸ್‌ವರ್ಡ್, ಅದೂ ರಿಮೋಟ್‌ನ ಬಾಣದ ಗುಂಡಿ ಒತ್ತಿ ಒಂದೊಂದೇ ಅಕ್ಷರ. 60 ಹರ್ಟ್ಸ್. ಮೂರನೇ ಸಲ, “ಕನ್ಸೋಲ್ ಕಂಪನಿಯವರನ್ನು ಕೇಳಿ ಸರ್.” ನಾಲ್ಕನೇ ಸಲ, “ನಮ್ಮ ಎಂಜಿನಿಯರಿಂಗ್ ತಂಡ ಕೆಲಸ ಮಾಡ್ತಿದೆ, ಮುಂದಿನ ಅಪ್‌ಡೇಟ್‌ವರೆಗೆ ಕಾಯಿರಿ.” ಈ ನಾಲ್ಕನೇ ಉತ್ತರವನ್ನೇ ಒಂದು ವರ್ಷ ಕೇಳಿದೆ. ಪ್ರತಿ ಸಲ ಹೊಸ ಕಂಪ್ಲೇಂಟ್ ನಂಬರ್, ಎರಡು ದಿನ ಬಿಟ್ಟು “ನಿಮ್ಮ ಸಮಸ್ಯೆ ಬಗೆಹರಿದಿದೆ” ಅಂತ ಮೆಸೇಜ್. ಯಾರ ಸಮಸ್ಯೆ ಬಗೆಹರಿಯಿತೋ ಗೊತ್ತಿಲ್ಲ.

ಕೊನೆಗೂ ಒಂದು ರಾತ್ರಿ ಅಪ್‌ಡೇಟ್ ಬಂತು. ಜಾಗ ಸಾಲದು ಅಂದಿತು, ಆ್ಯಪ್‌ಗಳನ್ನು ತೆಗೆದೆ. ಕರೆಂಟ್ ಹೋದೀತು ಅಂತ ಉಸಿರು ಬಿಗಿಹಿಡಿದು ಕೂತೆ, ಯಾಕಂದ್ರೆ ಅರ್ಧಕ್ಕೆ ನಿಂತರೆ ಟಿವಿ ಮತ್ತೆ ಏಳೋದೇ ಅನುಮಾನ. ನೂರು ಶೇಕಡಾ ಆಯಿತು, ಲೋಗೋ ಬಂತು, ಮುಖಪುಟ ಬಂತು. ಮೇಲ್ಗಡೆ ಇಡೀ ಒಂದು ಸಾಲು ಜಾಹೀರಾತು! ಮೊದಲು ಇರಲಿಲ್ಲ. ರಿಮೋಟ್ ಒತ್ತಿದರೆ ಒಂದು ಕ್ಷಣ ಯೋಚನೆ ಮಾಡಿ ಆಮೇಲೆ ಚಲಿಸುತ್ತೆ. ಕನ್ಸೋಲ್ ಹಾಕಿ ನೋಡಿದರೆ 60 ಹರ್ಟ್ಸ್. ನಾನು ಕಾದಿದ್ದು ಇದಕ್ಕಾ? “ಹಳೇ ಫರ್ಮ್‌ವೇರೇ ವಾಪಸ್ ಹಾಕಿಕೊಡಿ” ಅಂತ ಕೇಳಿದರೆ, “ಆಗಲ್ಲ ಸರ್, ಸುರಕ್ಷತೆ ಕಾರಣಕ್ಕೆ ಹಿಂದಿನ ಆವೃತ್ತಿಗೆ ಹೋಗೋದನ್ನು ತಡೆದಿದ್ದೀವಿ.” ದುಡ್ಡು ಕೊಟ್ಟಿದ್ದು ನಾನು, ಗೋಡೆ ನಂದು, ಆದರೆ ಆ ಟಿವಿ ಒಳಗೆ ಏನಿರಬೇಕು ಅನ್ನೋದು ಅವರ ಇಷ್ಟ.

ಜಗಳ ಆಡಿ ಒಬ್ಬ ಟೆಕ್ನಿಷಿಯನ್‌ನ ಮನೆಗೆ ಕರೆಸಿಕೊಂಡೆ. ಪಾಪ, ಒಳ್ಳೆ ಹುಡುಗ, ಅವನ ಮೇಲೆ ಸಿಟ್ಟಿಲ್ಲ. ಟಿವಿ ಹಿಂದಿನ ಸ್ಟಿಕರ್‌ನಲ್ಲಿ ಮಾಡೆಲ್ ನಂಬರ್ ನೋಡಿದ, ಸ್ಕ್ರೂಡ್ರೈವರ್ ತೆಗೆಯಲೂ ಇಲ್ಲ. ಬ್ಯಾಗಿನ ಜಿಪ್ ಮತ್ತೆ ಎಳೆದುಕೊಂಡು, “ಸರ್, ಇದು 60ರ ಪ್ಯಾನೆಲ್. ಯಾರೂ ಹೇಳಲಿಲ್ವಾ?” ಅಂದ.

ನಾನು ಸುಮ್ಮನೆ ನಿಂತಿದ್ದೆ.

ತನ್ನ ಮೊಬೈಲ್‌ನಲ್ಲಿ ಇದೇ ಮಾಡೆಲ್‌ನ ಕೈಪಿಡಿ ತೆಗೆದ. ಕೊನೇ ಪುಟಗಳಲ್ಲಿ ಒಂದು ಕೋಷ್ಟಕ, ಟಿವಿ ಯಾವ ಯಾವ ಸಿಗ್ನಲ್ ತಗೊಳ್ಳುತ್ತೆ ಅಂತ. ಬೆರಳಲ್ಲಿ ಹಿಗ್ಗಿಸಿ, ಕೊನೇ ಸಾಲಿನ ಕೆಳಗೆ ಉಗುರು ಇಟ್ಟು ತೋರಿಸಿದ: 3840 ಗುಣಿಸು 2160 ಮುಂದೆ 24, 25, 30, 50, 60. ಅಷ್ಟೇ. ಅಲ್ಲಿಗೆ ಮುಗೀತು. “ಅಪ್‌ಡೇಟ್ ಆದ ಮೇಲೆ?” ಅಂದೆ, ದಡ್ಡನ ಹಾಗೆ. “ಅಪ್‌ಡೇಟ್‌ನಿಂದ ಪ್ಯಾನೆಲ್ ಬದಲಾಗಲ್ಲ ಸರ್.” ಜಾಬ್ ಶೀಟ್‌ನಲ್ಲಿ “ದೋಷ ಕಂಡುಬಂದಿಲ್ಲ” ಅಂತ ಬರೆದು ನನ್ನ ಸಹಿ ತಗೊಂಡು ಹೋದ. ಆ ಕೈಪಿಡಿಯ ಅಚ್ಚಾದ ಪ್ರತಿ ಮೊದಲ ದಿನದಿಂದ ನಮ್ಮನೆ ಡ್ರಾಯರ್‌ನಲ್ಲೇ ಇತ್ತು. ಪ್ಲಾಸ್ಟಿಕ್ ಕವರ್ ಕೂಡ ಒಡೆದಿರಲಿಲ್ಲ. ಅದೇ ಕೋಷ್ಟಕ, ಅದೇ ಸಾಲು.

ಅವತ್ತು ರಾತ್ರಿ ಕೂತು ಎಲ್ಲ ಓದಿದೆ, ಮೊದಲೇ ಓದಬೇಕಿತ್ತು. ಎಚ್‌ಡಿಎಂಐ 2.0 ಹೊರುವುದು ಸೆಕೆಂಡಿಗೆ 18 ಗಿಗಾಬಿಟ್. 4ಕೆ 60 ಹರ್ಟ್ಸ್ ಪೂರ್ತಿ ಬಣ್ಣದಲ್ಲಿ, 8 ಬಿಟ್‌ನಲ್ಲಿ ಕಳಿಸಿದರೇ 17.82 ತಿಂದು ಹಾಕುತ್ತೆ. 120 ಅಂದರೆ ಅದರ ಎರಡರಷ್ಟು. ಬಣ್ಣದ ಮಾಹಿತಿ ಕತ್ತರಿಸದೆ ತೂರಲ್ಲ. 2017ರ ನವೆಂಬರ್‌ನಲ್ಲಿ ಬಂದ 2.1 ಈ ದಾರಿಯನ್ನು 48 ಗಿಗಾಬಿಟ್‌ವರೆಗೆ ಅಗಲ ಮಾಡಿತು. ಸರಿ, ನನ್ನ ಬಾಕ್ಸ್ ಮೇಲೆ 2.1 ಅಂತಲೇ ಇತ್ತಲ್ಲ? ಕೇಳಿ ಮಜಾ. 2.0 ಅನ್ನೋದು ಈಗ ಪ್ರತ್ಯೇಕವಾಗಿ ಇಲ್ಲ, ಅದು 2.1ರ ಒಳಗೇ ಸೇರಿದೆ, ಹೊಸ ಸೌಲಭ್ಯಗಳೆಲ್ಲ ಐಚ್ಛಿಕ ಅಂತ ಎಚ್‌ಡಿಎಂಐ ಪರವಾನಗಿ ಸಂಸ್ಥೆಯೇ 2021ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ಅಂದರೆ 18 ಗಿಗಾಬಿಟ್‌ನ ಪೋರ್ಟ್‌ಗೂ 2.1 ಅಂತ ಚೀಟಿ ಅಂಟಿಸಬಹುದು, ನಿಯಮದಲ್ಲಿ ಅಡ್ಡಿ ಇಲ್ಲ. ಯಾವ ಸೌಲಭ್ಯ ಇದೆ ಅಂತ ಕಂಪನಿ ತಿಳಿಸಬೇಕಂತೆ. ತಿಳಿಸಿದ್ದಾರಲ್ಲ, ಡ್ರಾಯರ್‌ನಲ್ಲಿ.

ಇನ್ನು ಪ್ಯಾನೆಲ್, ಅಂದರೆ ಚಿತ್ರ ಮೂಡಿಸೋ ಪರದೆ. ಪೋರ್ಟ್ ಎಷ್ಟೇ ಅಗಲ ಇರಲಿ, ಗಾಜಿನ ಹಿಂದಿರುವ ಟೈಮಿಂಗ್ ಬೋರ್ಡು, ಅದರ ಡ್ರೈವರ್ ಚಿಪ್‌ಗಳು 60ಕ್ಕೆ ಅಂತಲೇ ಮಾಡಿದ್ದರೆ ಚಿತ್ರದ ಸಾಲುಗಳನ್ನು ಅದಕ್ಕಿಂತ ವೇಗವಾಗಿ ತುಂಬಿಸೋಕಾಗಲ್ಲ. ಕೆಲವು ಟಿವಿಗಳು ಎರಡೆರಡು ಸಾಲಿಗೆ ಒಂದೇ ಚಿತ್ರ ತುಂಬಿ 120 ತೋರಿಸುತ್ತವೆ, ಆದರೆ ಆಗ ಲಂಬವಾಗಿ ಸ್ಪಷ್ಟತೆ ಅರ್ಧ. ನನ್ನದರಲ್ಲಿ ಅದೂ ಇಲ್ಲ. ಫರ್ಮ್‌ವೇರ್ ಅನ್ನೋದು ಚಿಪ್‌ಗೆ ಕೊಡುವ ಸೂಚನೆ ಅಷ್ಟೇ. ಇರುವ ಚಿಪ್‌ನ ಬಾಗಿಲು ಮುಚ್ಚಿದ್ದರೆ ತೆರೆಯುತ್ತೆ, ಇಲ್ಲದ ಚಿಪ್ ತಂದು ಕೂರಿಸಲ್ಲ. ಇದು ಆ ಕಂಪನಿಯ ಎಂಜಿನಿಯರ್‌ಗೆ ಗೊತ್ತಿರಲಿಲ್ವಾ? ಟಿವಿ ಜೋಡಿಸಿದ ದಿನವೇ ಗೊತ್ತಿತ್ತು.

ಮರುದಿನ ಮೇಲಧಿಕಾರಿಯನ್ನು ಲೈನಿಗೆ ಕೊಡಿ ಅಂತ ಹಟ ಹಿಡಿದೆ. ಮಾತುಕತೆ ಹೀಗಿತ್ತು.

“ಸರ್, ಇದು ದೋಷ ಅಲ್ಲ. ಹಾರ್ಡ್‌ವೇರ್ ಮಿತಿ.”

“ಎರಡು ವರ್ಷದಿಂದ ಅಪ್‌ಡೇಟ್ ಬರುತ್ತೆ ಅಂತ ಹೇಳಿದ್ದು ಯಾರು?”

“ಕೆಲವು ಸೌಲಭ್ಯಗಳು ಅಂತ ಹೇಳಿದ್ದೀವಿ ಸರ್. 120 ಅಂತ ಹೇಳಿಲ್ಲ.”

“ಬಾಕ್ಸ್ ಮೇಲೆ 120 ಅಂತ ಇದೆಯಲ್ಲ?”

“ಅದು ಮೋಷನ್ ರೇಟ್ ಸರ್. ರಿಫ್ರೆಶ್ ರೇಟ್ ಅಲ್ಲ.”

ಮೋಷನ್ ರೇಟ್ ಅಂತೆ! ಚಿತ್ರ ನಯವಾಗಿ ಕಾಣೋ ಹಾಗೆ ಒಳಗೆ ಏನೋ ಸಂಸ್ಕರಣೆ ಮಾಡಿ, ಅದಕ್ಕೆ ತಾವೇ ಕೊಟ್ಟುಕೊಂಡ ಅಂಕ. ಪಕ್ಕದಲ್ಲಿ ಹರ್ಟ್ಸ್ ಅನ್ನೋ ಪದ ಇಲ್ಲ, ಬರೀ 120. ನಾನೇ ಹರ್ಟ್ಸ್ ಸೇರಿಸಿ ಓದಿಕೊಂಡಿದ್ದೆ. ಕೊಳ್ಳೋವರೆಗೆ ಎಲ್ಲವೂ ಸಾಫ್ಟ್‌ವೇರ್ ವಿಷಯ, ಕೊಂಡ ಮೇಲೆ ಎಲ್ಲವೂ ಹಾರ್ಡ್‌ವೇರ್ ವಿಷಯ.

ಅವರಿಗೆ ಒಂದು ಉದಾಹರಣೆನೂ ಕೊಟ್ಟೆ. 2020ರಲ್ಲಿ ಡೆನಾನ್, ಮರಾಂಟ್ಜ್, ಯಮಹಾ ಕಂಪನಿಗಳ ಹೊಸ ಎವಿ ರಿಸೀವರ್‌ಗಳಲ್ಲಿ (ಕನ್ಸೋಲ್, ಟಿವಿ, ಸ್ಪೀಕರ್‌ಗಳ ಮಧ್ಯೆ ಕೂರೋ ಪೆಟ್ಟಿಗೆ) ಎಚ್‌ಡಿಎಂಐ ಚಿಪ್‌ನ ದೋಷದಿಂದ ಕೆಲವು ಉಪಕರಣಗಳ 4ಕೆ 120 ಸಿಗ್ನಲ್ ಹಾಕಿದರೆ ಪರದೆ ಕಪ್ಪಾಗುತ್ತಿತ್ತು. ಚಿಪ್‌ನದೇ ತಪ್ಪಾದ್ದರಿಂದ ಬರೀ ಫರ್ಮ್‌ವೇರ್‌ನಿಂದ ಸರಿಯಾಗಲಿಲ್ಲ. ಮೊದಲೆರಡು ಕಂಪನಿಗಳು 2021ರಲ್ಲಿ ಉಚಿತವಾಗಿ ಅಡಾಪ್ಟರ್ ಪೆಟ್ಟಿಗೆ ಕೊಟ್ಟವು, ಯಮಹಾ ಎಚ್‌ಡಿಎಂಐ ಬೋರ್ಡನ್ನೇ ಉಚಿತವಾಗಿ ಬದಲಿಸಿಕೊಡ್ತೀನಿ ಅಂತು. “ಅವರು ಕೊಟ್ಟರು, ನೀವು ಏನು ಕೊಡ್ತೀರಿ?” ಅಂದೆ. “ನಿಮ್ಮ ಅಭಿಪ್ರಾಯವನ್ನು ಸಂಬಂಧಪಟ್ಟ ತಂಡಕ್ಕೆ ತಲುಪಿಸ್ತೀವಿ ಸರ್. ಇವತ್ತಿನ ಸೇವೆಗೆ ಒಂದರಿಂದ ಐದರೊಳಗೆ ಎಷ್ಟು ಅಂಕ ಕೊಡ್ತೀರಿ?” ಫೋನ್ ಗೋಡೆಗೆ ಬೀಸಬೇಕು ಅನ್ನಿಸಿತು.

ಆ ಹಳೇ ಚಾಟ್? “ಹೌದು ಸರ್, ಶೀಘ್ರದಲ್ಲೇ” ಅಂದಿದ್ದು? ಉಳಿಸಿಕೊಂಡಿಲ್ಲ. ಕಿಟಕಿ ಮುಚ್ಚಿದ ಕೂಡಲೇ ಹೋಯಿತು. ಮಾರಿದವನು ಈಗ “ನಾನು ಹಾಗೆ ಹೇಳೇ ಇಲ್ಲ” ಅಂತಾನೆ. ವಾರಂಟಿ ಮುಗಿದು ವರ್ಷವಾಯಿತು. ನನ್ನ ಕೈಯಲ್ಲಿ ಇರೋದು ಏನೂ ಇಲ್ಲ.

ಟಿವಿ ತಗೊಳ್ಳೋರು ಇಷ್ಟು ಮಾಡಿ. ಬಾಕ್ಸ್ ಬಿಡಿ, ಆ ಮಾಡೆಲ್‌ನ ಕೈಪಿಡಿ ಮೊದಲೇ ಇಳಿಸಿಕೊಂಡು ಸಿಗ್ನಲ್ ಕೋಷ್ಟಕದ ಕೊನೇ ಸಾಲು ನೋಡಿ. “ಪ್ಯಾನೆಲ್‌ನ ನೇಟಿವ್ ರಿಫ್ರೆಶ್ ರೇಟ್ ಎಷ್ಟು” ಅಂತ ಇದೇ ಪದಗಳಲ್ಲಿ ಕೇಳಿ. ಉತ್ತರ ಬರಹದಲ್ಲಿ ಬರಲಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಇವತ್ತು ಪರದೆ ಮೇಲೆ ಕಾಣದ ಸೌಲಭ್ಯಕ್ಕೆ ಇವತ್ತು ದುಡ್ಡು ಕೊಡಬೇಡಿ, ಯಾರು ಎಷ್ಟೇ ನಗುನಗುತ್ತಾ ಹೇಳಲಿ. ನೆಂಟರಿಗಂತೂ ಏನನ್ನೂ ಕೊಡಿಸಲೇಬೇಡಿ.

ಇದೆಲ್ಲ ಆಗಿ ಹತ್ತು ದಿನವಾಯಿತು. ನಿನ್ನೆ ಭಾವ ಫೋನ್ ಮಾಡಿದ್ದರು. ಮಾತು ಮುಗಿಸೋ ಮುಂಚೆ, “ಅಲ್ಲಪ್ಪಾ, ಆ ಅಪ್‌ಡೇಟ್ ಇನ್ನೂ ಬಂದಿಲ್ಲ, ಮಗ ದಿನಾ ಕೇಳ್ತಾನೆ. ನಿಂದಕ್ಕೆ ಬಂತಾ?” ಅಂದರು. “ಕಂಪನಿಯವರು ಕೆಲಸ ಮಾಡ್ತಿದ್ದಾರಂತೆ ಭಾವ, ಸ್ವಲ್ಪ ಕಾಯಿರಿ” ಅಂದುಬಿಟ್ಟೆ.