ಪ್ಲಗ್, ಪೆಟ್ಟಿಗೆ, ರೀಮ್ಯಾಪ್: ನನ್ನ ಹಿಮಾಲಯನ್‌ಗೆ ಒಗ್ಗಿದ್ದು

ಸೈಲೆನ್ಸರ್ ಬದಲಿಸಿದ ಬೈಕಿಗೆ ಪೆಟ್ರೋಲಿನ ಹದ ಸರಿಪಡಿಸಲು ನಾನು ಕಂಡ ದಾರಿಗಳು ಮೂರು: ಸೆನ್ಸರ್‌ಗೆ ಸಿಕ್ಕಿಸುವ ಪ್ಲಗ್, ಪೆಟ್ಟಿಗೆ, ರೀಮ್ಯಾಪ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಒಲವು ಪೆಟ್ಟಿಗೆಯ ಕಡೆಗೆ. ಸೀಟಿನ ಕೆಳಗೆ ಅಡಗಿ ಕೂರುವ ಪಿಗಿಬ್ಯಾಕ್ ಫ್ಯೂಯಲ್ ಟ್ಯೂನರ್ ಅದು. ಕಳೆದ ಜುಲೈಯಲ್ಲಿ ಚಾರ್ಮಾಡಿ ಘಾಟಿಯಲ್ಲಿ ನನ್ನನ್ನು ಇಂಬಳಗಳ ಬಾಯಿಗೆ ಒಪ್ಪಿಸಿದ್ದೂ ಅದೇ. ಆದರೂ ಕಿತ್ತೆಸೆದಿಲ್ಲ.

ನನ್ನದು ರಾಯಲ್ ಎನ್‌ಫೀಲ್ಡ್‌ನ 411 ಸಿಸಿಯ ಹಿಮಾಲಯನ್, ಬಿಎಸ್4 ಎಂಬ ಹಳೆಯ ಹೊಗೆ ನಿಯಮದ ಕಾಲದ್ದು. ಸೈಲೆನ್ಸರ್, ಏರ್ ಫಿಲ್ಟರ್ ಎರಡನ್ನೂ ಬದಲಿಸಿದ್ದು ನನ್ನದೇ ಚಪಲ. ಅಂದಿನಿಂದ ಮುಳ್ಳಯ್ಯನಗಿರಿಯಿಂದ ಕೈಮರಕ್ಕೆ ಇಳಿಯುವಾಗ ಥ್ರಾಟಲ್ ಬಿಟ್ಟರೆ ಸಾಕು, ಹಿಂದೆ ದೀಪಾವಳಿ. ಎರಡನೇ ಗೇರಿನಲ್ಲಿ ಮುಗ್ಗರಿಸುವ ನಡಿಗೆ, ಮೊಣಕಾಲಿಗೆ ಬಡಿಯುವ ಬಿಸಿ. ಗಾಳಿ ಹೆಚ್ಚಾಗಿತ್ತು, ಪೆಟ್ರೋಲ್ ಹಳೆಯ ಲೆಕ್ಕದಲ್ಲೇ ಬರುತ್ತಿತ್ತು. ಒಂದೇ ಹದದ ಓಟದಲ್ಲಿ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿಯನ್ನು ಹಿಡಿದಿಡುತ್ತದೆ. ಏರು ಹತ್ತಲು ಬಲ ಬೇಕಾದಾಗ ಎಂಜಿನ್ ಕೇಳುವುದು 13ರ ಆಸುಪಾಸು. ಈಗ ಬಂಕುಗಳಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲಿಗೆ 9 ಪಾಲು ಗಾಳಿಯೇ ಸಾಕಾಗುವುದರಿಂದ ಅಷ್ಟೇ ಇಂಧನ ಚಿಮ್ಮಿಸಿದರೆ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ.

ಮೊದಲು ಕೊಂಡಿದ್ದು ಅಗ್ಗದ ಪ್ಲಗ್, ಎರಡು ಸಾವಿರದ ಚಿಲ್ಲರೆ. ಗಾಳಿಯ ತಾಪಮಾನ ಅಳೆಯುವ ಸೆನ್ಸರ್‌ಗೆ ಅದನ್ನು ಸಿಕ್ಕಿಸಿದರೆ, ಹೊರಗಿನ ಗಾಳಿ ಇರುವುದಕ್ಕಿಂತ ಸುಮಾರು 20 ಡಿಗ್ರಿ ತಣ್ಣಗಿದೆ ಎಂದು ಇಸಿಯುಗೆ ಸುಳ್ಳು ಹೇಳುತ್ತದೆ. ತಣ್ಣನೆಯ ಗಾಳಿ ದಟ್ಟವಾದ್ದರಿಂದ ಇಸಿಯು ಶೇ 6ರಷ್ಟು ಇಂಧನ ಹೆಚ್ಚಿಸುತ್ತದೆ. ಉಪಾಯವೇನೋ ಚೆನ್ನ. ಆದರೆ ನಿಧಾನ ಓಟದಲ್ಲಿ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಸೆನ್ಸರ್ ಆ ಸುಳ್ಳನ್ನು ಹಿಡಿದು, ಕೊಟ್ಟಿದ್ದನ್ನು ವಾಪಸ್ ಕಿತ್ತುಕೊಳ್ಳುತ್ತದೆ. ನನಗೆ ಮುಗ್ಗರಿಕೆ ಇದ್ದದ್ದೇ ಆ ನಿಧಾನ ಓಟದಲ್ಲಿ! ಡಿಸೆಂಬರಿನ ಒಂದು ಬೆಳಿಗ್ಗೆ ಅತ್ತಿಗುಂಡಿಯ ಮಂಜಿನಲ್ಲಿ ಸ್ಟಾರ್ಟ್ ಆಗದೆ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ, ಒಲೆಯ ಮೇಲಿನ ಗಡಿಗೆಯ ತಳದಂತೆ ಕಪ್ಪು. ಆ ಎರಡು ಸಾವಿರ ಈಗ ಆಣಿ ಡಬ್ಬಿಯಲ್ಲಿದೆ.

ರೀಮ್ಯಾಪ್ ನನ್ನದಲ್ಲ, ಮೂಡಿಗೆರೆಯ ಗೆಳೆಯನದು. ಬೆಂಗಳೂರಿನಲ್ಲಿ ಡೈನೋ (ಗಾಡಿಯನ್ನು ನಿಂತಲ್ಲೇ ಓಡಿಸಿ ಬಲ ಅಳೆಯುವ ಯಂತ್ರ) ಮೇಲೆ ಹತ್ತಿಸಿ ಇಸಿಯುವಿನ ಲೆಕ್ಕವನ್ನೇ, ಅಂದರೆ ಮ್ಯಾಪನ್ನೇ ತಿದ್ದಿಸಿದ್ದ. ಒಂದು ವಾರ ಗಾಡಿ ಅದಲುಬದಲು ಮಾಡಿಕೊಂಡೆವು. ಹೊಟ್ಟೆಕಿಚ್ಚಿನಿಂದಲೇ ಒಪ್ಪುತ್ತೇನೆ, ಓಟದಲ್ಲಿ ಅದೇ ಮೇಲು. ಕಿಡಿ ಹಾರುವ ಹೊತ್ತನ್ನೂ ತಿದ್ದುವುದು ಪೆಟ್ಟಿಗೆಗಿಲ್ಲದ ಗುಣ; ಸರ್ಕಾರಿ ಬಸ್ಸಿನ ಹಿಂದೆ ಆಮೆಯಂತೆ ಹೋಗುವಾಗಲೂ ಬೆಣ್ಣೆ. ಆದರೆ ಪೊಲೀಸರು ತಡೆದ ಮೇಲೆ ಅವನು ಹಳೆಯ ಸೈಲೆನ್ಸರ್ ಹಾಕಿಸಿದ, ಮ್ಯಾಪ್ ಹೊಂದಲಿಲ್ಲ. ಮತ್ತೆ ಬೆಂಗಳೂರು, ಮತ್ತೆ ದುಡ್ಡು. ಚಿಕ್ಕಮಗಳೂರು ಕಡೆಯ ನಮ್ಮೂರಿನಿಂದ ಹೋಗಿ ಬರಲು ಐನೂರು ಕಿಲೋಮೀಟರ್ ಹತ್ತಿರ. ಸೈಲೆನ್ಸರ್ ವಿಷಯದಲ್ಲಿ ಮನಸ್ಸು ನಿಲ್ಲದ ನನ್ನಂಥವನಿಗೆ ಅದು ಆಗಿಬರುವುದಿಲ್ಲ.

ಇನ್ನು ಪೆಟ್ಟಿಗೆ. ಇಸಿಯುವಿಗೂ ಇಂಜೆಕ್ಟರಿಗೂ ನಡುವೆ ಕೂತು, ಇಂಜೆಕ್ಟರ್ ತೆರೆದಿರುವ ಹೊತ್ತನ್ನು ಕೂದಲೆಳೆಯಷ್ಟು ಹಿಗ್ಗಿಸುತ್ತದೆ. ಆಮ್ಲಜನಕದ ಸೆನ್ಸರ್‌ನ ಮಾತು ಇಸಿಯು ತಲುಪದಂತೆ ತಡೆಯುತ್ತದೆ. ಹ್ಯಾಂಡಲ್‌ನಲ್ಲೊಂದು ಸ್ವಿಚ್, ಬೇಕಾದ ಮ್ಯಾಪ್. ಮುಗ್ಗರಿಕೆ ಮೊದಲ ದಿನವೇ ಹೋಯಿತು. ಮೈಲೇಜ್ 31ರಿಂದ 28ಕ್ಕೆ ಇಳಿಯಿತು, ಇಳಿಯಲಿ.

ಜುಲೈಯ ಕಥೆ ಹೇಳಲೇಬೇಕು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಮಲಯ ಮಾರುತ ಅತಿಥಿಗೃಹ ದಾಟಿ ಇಳಿಯುತ್ತಿದ್ದೆ. ಮಳೆ ಅಡ್ಡ ಹೊಡೆಯುತ್ತಿತ್ತು. ತಿರುವು ಮುಗಿಸಿ ಥ್ರಾಟಲ್ ಕೊಟ್ಟರೆ ಎರಡು ಬಾರಿ ಕೆಮ್ಮಿ ಎಂಜಿನ್ ನಿಂತಿತು. ಕೀ ತಿರುಗಿಸಿದರೆ ಪೆಟ್ರೋಲ್ ಪಂಪ್ ಗುಂಯ್ಗುಡುತ್ತದೆ, ಸ್ಟಾರ್ಟರ್ ಸುತ್ತುತ್ತದೆ, ಎಂಜಿನ್ ಮಾತ್ರ ಹತ್ತಿಕೊಳ್ಳುವುದಿಲ್ಲ. ಸೀಟು ತೆಗೆದು ಪೆಟ್ಟಿಗೆಯ ಕಪ್ಲರ್ (ವೈರುಗಳನ್ನು ಜೋಡಿಸುವ ಕೊಂಡಿ) ಎಳೆದಾಗ ಒಳಗಿಂದ ಒಂದು ಚಮಚ ಕೆಂಪು ನೀರು ಸುರಿಯಿತು. ಪಿನ್‌ಗಳ ಮೇಲೆ ಹಸಿರು ಕಿಲುಬು. ಗಾಡಿಯ ಮೂಲ ಕಪ್ಲರ್‌ಗಳಿಗೆ ರಬ್ಬರ್ ಸೀಲ್ ಇದೆ. ಪೆಟ್ಟಿಗೆಯ ಜೊತೆ ಬಂದವಕ್ಕೆ ಇರಲಿಲ್ಲ. ಸಾಲದ್ದಕ್ಕೆ ವೈರನ್ನು ಮೇಲಿನಿಂದ ನೇರ ಕಪ್ಲರ್‌ಗೆ ಇಳಿಬಿಟ್ಟಿದ್ದೆ. ವೈರ್ ಹಿಡಿದು ಬಂದ ನೀರು ಬೇರೆಲ್ಲಿಗೆ ಹೋಗಬೇಕು?

ಆದರೆ ಪೆಟ್ಟಿಗೆಯನ್ನು ನಾನು ಮೆಚ್ಚಿದ್ದೂ ಅಲ್ಲೇ. ಟ್ಯಾಂಕಿನ ಹಿಂದಿನ ಬೋಲ್ಟ್ ಸಡಿಲಿಸಿ, ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಮೂಲ ಕಪ್ಲರ್‌ಗಳನ್ನು ಒಂದಕ್ಕೊಂದು ಸಿಕ್ಕಿಸಿದೆ. ಇಪ್ಪತ್ತು ನಿಮಿಷ, ಕಾಲಿನಲ್ಲಿ ಐದು ಇಂಬಳ. ಒಂದೇ ಗುಂಡಿಗೆ ಎಂಜಿನ್ ಎದ್ದಿತು. ಪಟಪಟ ಸಿಡಿಯುತ್ತಲೇ ಉಜಿರೆ ಮುಟ್ಟಿದೆ.

ಊರಿಗೆ ಮರಳಿದ ಮೇಲೆ ಮೆಕ್ಯಾನಿಕ್ ನೋಡಿ ನಕ್ಕ. "ಸಾರ್, ವೈರು ಕಪ್ಲರ್‌ಗಿಂತ ಕೆಳಗೆ ಒಂದು ಸುತ್ತು ಇಳಿದು ಮತ್ತೆ ಮೇಲೇರಬೇಕು. ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ." ಪಿನ್ ಉಜ್ಜಿ, ಸಿಲಿಕಾನ್ ಗ್ರೀಸ್ ತುಂಬಿ, ಹಾಗೆಯೇ ಕಟ್ಟಿಕೊಟ್ಟ. ನೂರೈವತ್ತು ರೂಪಾಯಿ. ಆಮೇಲೆ ಒಮ್ಮೆಯೂ ಕೈಕೊಟ್ಟಿಲ್ಲ.

ಮೊಬೈಲ್ ಆ್ಯಪ್ ಇರುವ ಪೆಟ್ಟಿಗೆಗಳೂ ಇವೆ. ನನಗೆ ಬೇಡ. ವಾರಂಟಿ ನನ್ನ ಗಾಡಿಗೆ ಎಂದೋ ಮುಗಿದಿದೆ. ಸೈಲೆನ್ಸರ್ ಸದ್ದಿಗೆ ದಂಡ ಬಿದ್ದರೆ ಯಾವ ಟ್ಯೂನರ್ ಕೂಡ ಬಿಡಿಸಿಕೊಡುವುದಿಲ್ಲ.

ಇನ್ನು ಸೈಲೆನ್ಸರ್ ಬದಲಿಸುವುದಿಲ್ಲ ಎಂದು ನಿರ್ಧರಿಸಿ, ತಿಂಗಳಿಗೊಮ್ಮೆ ಹೇಗೂ ಬೆಂಗಳೂರಿಗೆ ಹೋಗುವವರು ರೀಮ್ಯಾಪ್ ಮಾಡಿಸಿಕೊಳ್ಳಿ. ನನ್ನ ಬಜೆಟ್ ಹತ್ತು ಸಾವಿರ, ಓಡಾಟ ಘಟ್ಟದಲ್ಲಿ, ರಿಪೇರಿ ನನ್ನ ಕೈಯಲ್ಲೇ; ನನಗೆ ಪೆಟ್ಟಿಗೆಯೇ ಸರಿ. ಮುಂದಿನ ಮೇ ಕೊನೆಗೆ, ಮಳೆಗಾಲಕ್ಕೆ ಮೊದಲು, ಹಳೆಯ ಸೈಲೆನ್ಸರ್ ಹಾಕಿ, ಪೆಟ್ಟಿಗೆಯನ್ನು ಬಿಚ್ಚಿ ಅಕ್ಕಿ ಡಬ್ಬಿಯಲ್ಲಿ ಇಡುವವನಿದ್ದೇನೆ. ಮನೆಯಾಕೆ ಇನ್ನೂ ಒಪ್ಪಿಲ್ಲ.